ಬದುವಿನ ಆ ಕಡೆಯ ಪೆಟ್ಟಿಗೆ

ಕಾಮಸಮುದ್ರ ಹೋಬಳಿ
15 ಜುಲೈ 2024

ಗಂಗರತ್ನಳಿಗೆ,

ಒಂದೇ ಗೋಡೆಯ ಎರಡು ಕಡೆ ಇರುವವರು ಕಾಗದ ಬರೆಯಬೇಕಾಗಿ ಬಂತಲ್ಲ ಎಂದು ನಗು ಬಂದರೆ ನಕ್ಕುಬಿಡು. ನಿನ್ನೆ ಡೇರಿ ಮುಂದೆ, ಹಾಲು ಹಾಕಲು ಬಂದವರೆಲ್ಲ ನೋಡುತ್ತಿರುವಾಗ, ಇನ್ನು ನಿನ್ನ ಜೊತೆ ಮಾತಾಡಿದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದೆ. ಮಾತು ಬಿಟ್ಟದ್ದಾಯಿತು. ಬರೆಯುವುದಿಲ್ಲ ಎಂದು ನಾನು ಹೇಳಲಿಲ್ಲ. ಜಯರಾಮಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಗಂಡನ ಮೇಲೆ ನನಗೆ ಸಿಟ್ಟಿಲ್ಲ.

ವಿಷಯವನ್ನು ಕ್ರಮವಾಗಿ ಬರೆಯುತ್ತೇನೆ. ನೀನು ಅನುಕೂಲ ನೋಡಿಕೊಂಡು ಮರೆಯುವವಳು.

ಮಾರ್ಚ್ ತಿಂಗಳಲ್ಲಿ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಬಂಗಾರಪೇಟೆ ರಸ್ತೆಯಿಂದ ಕಾಮಸಮುದ್ರದವರೆಗೆ ಹೊಲಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟು ಆಕಾಶದಿಂದ ಬೀಳುವ ಕಣಗಳನ್ನು ಎಣಿಸುತ್ತಾರೆ, ಜಾಗ ಕೊಡುವ ರೈತರು ಬೇಕು ಎಂದಿತ್ತು. ನಮ್ಮೂರಿನಲ್ಲಿ ಅದನ್ನು ಓದಿದವಳು ನಾನೊಬ್ಬಳೇ. ಫೋನ್ ಮಾಡಿದವಳು ನಾನು. ಸಂಶೋಧನೆ ಮಾಡುವ ಆ ಹುಡುಗಿ ನವ್ಯ, ಅವಳ ಜೊತೆ ಯಂತ್ರ ನೋಡಿಕೊಳ್ಳುವ ನಂದಿದುರ್ಗದ ಪೆರುಮಾಳ್, ಇಬ್ಬರೂ ಬಂದಾಗ ಬಸ್ಸಾರು ಮುದ್ದೆ ಮಾಡಿ ಬಡಿಸಿದವಳು ನಾನು. ನೀನು ಆ ದಿನ ಬಾಗಿಲಲ್ಲಿ ನಿಂತು, ಯಾರೋ ಇನ್ಸೂರೆನ್ಸಿನವರು ಎಂದುಕೊಂಡು ಒಳಗೆ ಹೋದೆ.

ಅವರ ನಕ್ಷೆಯಲ್ಲಿ ಪೆಟ್ಟಿಗೆಗಳು ಒಂದಕ್ಕೊಂದು ಇಷ್ಟೇ ದೂರದಲ್ಲಿ ಇರಬೇಕು. ನಮ್ಮೂರಿನ ಗುರುತು ಸರಿಯಾಗಿ ನಮ್ಮ ಎರಡು ಹೊಲಗಳ ನಡುವಿನ ಬದುವಿನ ಮೇಲೆ ಬಿತ್ತು. ಈ ಕಡೆಗೂ ಆಗುತ್ತಿತ್ತು, ಆ ಕಡೆಗೂ ಆಗುತ್ತಿತ್ತು. ನಮ್ಮ ಬೋರ್‌ವೆಲ್ ಸ್ಟಾರ್ಟರ್ ಹಾಕಿದಾಗಲೆಲ್ಲ ಆ ವಿದ್ಯುತ್ತಿನ ಗದ್ದಲ ಪೆಟ್ಟಿಗೆಗೆ ತಗಲುತ್ತದೆ ಎಂದು ನವ್ಯ ನಿನ್ನ ಕಡೆಯನ್ನು ಆರಿಸಿದಳು. ನನ್ನ ಹೊಲದಲ್ಲಿ ನೀರು ಬಂದಾಗ ನೀನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆ ನೀರಿನಿಂದಲೇ ನಿನಗೆ ಪೆಟ್ಟಿಗೆ ಸಿಕ್ಕಿತು. ಅದನ್ನೂ ನಾನು ನುಂಗಿಕೊಂಡೆ.

ನಿನ್ನೆಯ ಪತ್ರಿಕೆಯನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಐದನೇ ಪುಟದಲ್ಲಿ ನಿನ್ನ ಫೋಟೊ. ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೀಯ. ಕೆಳಗೆ ನಮ್ಮ ಮನೆಯವರ ವಿಷಯ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ತಳದಲ್ಲಿ ವಿಜ್ಞಾನಿಗಳ ಪ್ರಯೋಗಕ್ಕೆ ಕಬ್ಬಿಣದ ಹಲಗೆ ಸಾಗಿಸಿದವರಲ್ಲಿ ಮುನಿಸ್ವಾಮಪ್ಪ ಒಬ್ಬರು ಎಂದು ಬರೆದಿದ್ದಾರೆ. ಅದು ನನಗೂ ಗೊತ್ತು. ಮುಂದಿನ ಸಾಲು ಹೀಗಿದೆ: "ಭಾವನಿಗೆ ಕತ್ತಲೆಂದರೆ ಭಯ. ಕೇಜ್ ಎಂಬ ಗಣಿ ಲಿಫ್ಟಿನಲ್ಲಿ ಇಳಿಯುವಾಗ ಕಣ್ಣು ಮುಚ್ಚಿಕೊಂಡು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಎಣಿಸುತ್ತಾ ಹೋಗುತ್ತಿದ್ದರು ಎಂದು ಅವರ ತಮ್ಮನ ಪತ್ನಿ ಗಂಗರತ್ನಮ್ಮ ನೆನೆದರು."

ಅವರ ಹೆಂಡತಿ ನಾನು. ನನ್ನ ಗಂಡನಿಗೆ ಕತ್ತಲೆಂದರೆ ಭಯವಿತ್ತು ಎಂದು ಐದನೇ ಪುಟದಲ್ಲಿ ಓದಿದೆ. ಮನೆಯಲ್ಲಿ ಕರೆಂಟು ಹೋದರೆ ಎಲ್ಲರಿಗಿಂತ ಮೊದಲು ಎದ್ದು ದೀಪ ಹುಡುಕುತ್ತಿದ್ದವರು ಅವರೇ. ಕೈ ಚುರುಕಿನವರು ಎಂದುಕೊಂಡಿದ್ದೆ.

ಇಷ್ಟು ತಿಳಿಸಬೇಕಿತ್ತು.

ನಿನ್ನ ಅಕ್ಕ,
ಆದಿಲಕ್ಷ್ಮಮ್ಮ


ಗೋಡೆಯ ಈ ಕಡೆಯಿಂದ
22 ಜುಲೈ 2024

ಅಕ್ಕ,

ನಿನ್ನ ಕಾಗದ ನಮ್ಮವರ ಅಂಗಿ ಜೇಬಿನಲ್ಲಿ ಉಳಿದು, ಒಗೆಯಲು ಹಾಕಿದಾಗ ಸಿಕ್ಕಿತು. ಅರ್ಧ ಒದ್ದೆ. ಮಿಕ್ಕದ್ದನ್ನು ಓದಿದೆ. "ಎರಡು ಮೆಟ್ಲು ಇಳಿದು ಎರಡು ಮೆಟ್ಲು ಅತ್ತೋ ಅಂಚೆಗೆ ನನ್ನ ಯಾಕೆ ಸಾಯಿಸ್ತೀರ, ಗೋಡೆಗೊಂದು ತೂತು ಒಡೀರಿ" ಎಂದು ನಿನ್ನ ಮೈದುನ ಕೂಗಾಡುತ್ತಿದ್ದಾರೆ.

ನಾನು ಏನನ್ನೂ ಮರೆತಿಲ್ಲ. ಪತ್ರಿಕೆಯವನು ಮೊದಲು ಯಾರನ್ನು ಕೇಳಿದ? ನಿನ್ನನ್ನೇ. ನಿಮ್ಮ ಯಜಮಾನರು ಗಣಿಯ ತಳದ ಪ್ರಯೋಗದಲ್ಲಿ ಇದ್ದರಂತಲ್ಲ, ಏನು ಹೇಳುತ್ತಿದ್ದರು ಎಂದು ಕೇಳಿದ. ನೀನು ಏನೆಂದೆ? "ಗಣೀಲಿದ್ರು. ಗಣಿ ಮುಚ್ತು, ಮನೆಗೆ ಬಂದ್ರು. ಕಾಫಿ ತತ್ತೀನಿ ಇರಿ." ಅಷ್ಟು ಹೇಳಿ ಒಳಗೆ ಹೋದೆ. ಅವನು ಪೆನ್ನು ಹಿಡಿದುಕೊಂಡು ಕೂತಿದ್ದ. ನನ್ನ ಕಡೆ ತಿರುಗಿದ. ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿರುವುದು ತಪ್ಪೇ?

ಫೋಟೊಗೆ ನಾನು ನಿಲ್ಲಲಿಲ್ಲ, ಅವನೇ ನಿಲ್ಲಿಸಿದ. ಸೀರೆ ಕೂಡ ಬದಲಿಸಲು ಬಿಡಲಿಲ್ಲ.

ಹೊಟ್ಟೆಕಿಚ್ಚು ಪಡುವವಳು ನಾನು ಎಂದು ಚಿಕ್ಕಂದಿನಿಂದ ಮನೆಯವರೆಲ್ಲ ಹೇಳುತ್ತಿದ್ದಿರಿ. ಈಗ ಸ್ವಲ್ಪ ನಿನ್ನ ಸರದಿ.

ಗಂಗರತ್ನ


27 ಆಗಸ್ಟ್ 2024

ಗಂಗರತ್ನಳಿಗೆ,

ಉತ್ತರ ಬರೆಯಬಾರದು ಎಂದಿದ್ದೆ. ನಿನ್ನೆ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ನಿನ್ನ ಹೊಲದಲ್ಲಿ ಇಳಿದದ್ದನ್ನು ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಾನು ನನ್ನ ಕಡೆ ಟೊಮೆಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದೆ. ನವ್ಯ ಮಕ್ಕಳಿಗೆ ವಿವರಿಸುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ತುಂಬಾ ದೂರದಿಂದ ಬರುವ ಒಂದು ಕಣ ಗಾಳಿಗೆ ಬಡಿದು ಒಡೆಯುತ್ತದೆ, ಅದರ ಚೂರುಗಳು ಮತ್ತೆ ಒಡೆದು ಸಾವಿರಗಟ್ಟಲೆಯಾಗಿ ತುಂತುರು ಮಳೆಯ ಹಾಗೆ ಹೊಲದ ಮೇಲೆ ಬೀಳುತ್ತವೆ ಎಂದಳು. ಪೆಟ್ಟಿಗೆಯೊಳಗೆ ಒಂದು ಬಗೆಯ ಪ್ಲಾಸ್ಟಿಕ್ ಹಲಗೆ ಇದೆ, ಕಣ ಅದನ್ನು ಹಾಯ್ದು ಹೋಗುವಾಗ ಸಣ್ಣಗೆ ಮಿನುಗುತ್ತದೆ, ಗಾಜಿನ ನಳಿಗೆಯೊಂದು ಆ ಮಿನುಗನ್ನು ಕಂಡು ಲೆಕ್ಕ ಹಾಕುತ್ತದೆ ಎಂದಳು. ಒಂದು ಪೆಟ್ಟಿಗೆ ಹೇಳಿದ್ದನ್ನು ನಂಬುವುದಿಲ್ಲವಂತೆ. ಅದೇ ಹೊತ್ತಿಗೆ ಸುತ್ತಲಿನ ಪೆಟ್ಟಿಗೆಗಳೂ ಹೇಳಬೇಕು. ಆ ಕಣಗಳ ಮಳೆ ಬೆಟ್ಟದ ಕಡೆಯಿಂದ ನೆಲಕ್ಕೆ ಒರಗಿದ ಹಾಗೆ ಅಡ್ಡಲಾಗಿ ಬಂದರೆ ಅದು ನ್ಯೂಟ್ರಿನೊ ಎಂಬ ಕಣ ತಂದದ್ದಿರಬಹುದು, ಅಂಥದ್ದು ಸಿಗುವುದು ಬಲು ಅಪರೂಪ, ಒಂದು ಕಾಲದಲ್ಲಿ ಚಾಂಪಿಯನ್ ರೀಫ್ಸ್‌ನಲ್ಲಿ ನೆಲದ ಆಳಕ್ಕೆ ಇಳಿದು ನ್ಯೂಟ್ರಿನೊವನ್ನು ಹುಡುಕುತ್ತಿದ್ದರು ಎಂದಳು. ಚೆನ್ನಾಗಿ ಹೇಳುತ್ತಾಳೆ. ನನ್ನ ಅಂಗನವಾಡಿಯಲ್ಲಿ ಇರಬೇಕಿತ್ತು.

ಆಮೇಲೆ ನಿನ್ನ ಸರದಿ. ಹೊಂಗೆ ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಮಜ್ಜಿಗೆ ಕೊಟ್ಟೆ. ಮಜ್ಜಿಗೆ ನಿನ್ನದು, ಲೋಟಗಳು ನನ್ನವು. ಗೌರಿ ಹಬ್ಬಕ್ಕೆ ಬೇಕಾಗುತ್ತವೆ, ಕಳಿಸು. ಗಣಿಯ ಬಾಯಿಯಿಂದ ಕೆಳಗೆ ಇಳಿಯುವಾಗ ಕೇಜು ಹೇಗೆ ನಡುಗುತ್ತಿತ್ತು, ತಳದಲ್ಲಿ ಬಂಡೆ ಮುಟ್ಟಿದರೆ ಹೇಗೆ ಸುಡುತ್ತಿತ್ತು ಎಂದು ಕೈ ಆಡಿಸಿ ಹೇಳುತ್ತಿದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಬಾಗಿದವಳು ಬಾಗಿದ ಹಾಗೇ ಇದ್ದೆ. ಗಾಳಿ ಆ ಕಡೆಗೆ ಬೀಸುತ್ತಿದ್ದದ್ದರಿಂದ ಪೂರ್ತಿ ಕೇಳಿಸಲಿಲ್ಲ.

ನಮ್ಮ ಮನೆಯವರು ಬದುಕಿದ್ದಾಗ ಅದೇ ಮರದ ಕೆಳಗೆ ಕೂರುತ್ತಿದ್ದರು. ಗಣಿಯ ದೂಳು ಎದೆಗೆ ಸೇರಿ ಉಬ್ಬಸ ಹೆಚ್ಚಾದ ಮೇಲೆ ಬೆಳಿಗ್ಗೆ ತಿಂಡಿ ತಿಂದವರೇ ಕೋಲು ಹಿಡಿದು ಹೊರಡುತ್ತಿದ್ದರು. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಎನ್ನುತ್ತಿದ್ದರು. ನಾನು ಅದನ್ನು ನಂಬಿ ಕೆಲಸಕ್ಕೆ ಹೋಗುತ್ತಿದ್ದೆ. ನೀನು ಆ ಹೊತ್ತಿಗೆ ಹುಲ್ಲು ಕುಯ್ಯಲು ಬರುತ್ತಿದ್ದೆ. ನಾನು ಅಂಗನವಾಡಿಯಲ್ಲಿ ಊರ ಮಕ್ಕಳಿಗೆ ಕಥೆ ಹೇಳುತ್ತಿದ್ದಾಗ ನನ್ನ ಗಂಡ ನಿನಗೆ ಕಥೆ ಹೇಳುತ್ತಿದ್ದರು. ಸಂಜೆ ನಾನು ಬಂದರೆ, ಊಟಕ್ಕೆ ಏನು ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು.

ನಾನು ಕೆಟ್ಟದ್ದೇನೂ ಅಂದುಕೊಂಡಿಲ್ಲ. ಅಂದುಕೊಂಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಲೋಟಗಳು ಒಟ್ಟು ಹನ್ನೆರಡು.

ಆದಿಲಕ್ಷ್ಮಮ್ಮ


23 ಸೆಪ್ಟೆಂಬರ್ 2024

ಅಕ್ಕ,

ಲೋಟಗಳನ್ನು ಹಬ್ಬಕ್ಕೆ ಮೊದಲೇ ಕಳಿಸಿದೆ. ಒಂದು ಸೊಟ್ಟಗಾಗಿದೆ, ಅದು ಮೊದಲೇ ಹಾಗಿತ್ತು.

ಈ ಕಾಗದ ಬೇರೆ ವಿಷಯಕ್ಕೆ. ಪೆರುಮಾಳ್ ಪ್ರತಿ ಸೋಮವಾರ ಡೇರಿ ಗೋಡೆಯ ಬೋರ್ಡಿನ ಮೇಲೆ ಎಲ್ಲ ಊರುಗಳ ಪೆಟ್ಟಿಗೆಗಳ ಲೆಕ್ಕ ಬರೆದು ಹೋಗುವುದನ್ನು ನೀನೂ ನೋಡುತ್ತೀಯ. ನೋಡುತ್ತೀಯ ಅಷ್ಟೇ ಅಲ್ಲ, ನಿಂತು ಓದುತ್ತೀಯ. ಈ ತಿಂಗಳೆಲ್ಲ ಮೇಲಿರುವುದು ನಮ್ಮ ಪೆಟ್ಟಿಗೆ. ಮಿಕ್ಕವೆಲ್ಲ ಒಂದರ ಪಕ್ಕ ಒಂದು ಇದ್ದರೆ ನಮ್ಮದು ಎಲ್ಲಕ್ಕಿಂತ ಎಷ್ಟೋ ಮುಂದೆ. ಇದೇನಮ್ಮ ಎಂದು ಕೇಳಿದರೆ, ಸ್ವಲ್ಪ ತಾಳಿ, ನೋಡಬೇಕು ಎಂದು ನವ್ಯ ಹುಬ್ಬು ಗಂಟಿಕ್ಕಿದಳು. ನಮ್ಮ ಪೆಟ್ಟಿಗೆ ಹೆಚ್ಚು ಹೇಳುವಾಗ ಸುತ್ತಲಿನವು ಸುಮ್ಮನಿರುತ್ತವಂತೆ. ಸುಮ್ಮನಿದ್ದರೆ ನಮ್ಮ ತಪ್ಪೇ? ಅವಳು ಓದಿದವಳು, ಅನುಮಾನಪಡುವುದೇ ಅವಳ ಕೆಲಸ. ಊರಿನವರಿಗೆ ಅನುಮಾನವಿಲ್ಲ. ನಿಮ್ಮ ಹೊಲದ ಮೇಲೆ ಆಕಾಶಕ್ಕೆ ಪ್ರೀತಿ ಜಾಸ್ತಿ ಎನ್ನುತ್ತಾರೆ.

ಆದರೆ ಇಷ್ಟು ಜನ ನೋಡಿದರೆ ಕಣ್ಣು ತಾಕದೆ ಇರುತ್ತದೆಯೇ. ಕಾಮಸಮುದ್ರದ ತಿರುವಿನಲ್ಲಿ ನಮ್ಮವರು ಗಾಡಿಯಿಂದ ಬಿದ್ದು ಮಂಡಿ ತರಚಿಕೊಂಡರು. ಡೇರಿಯವರು ಅಳೆಯುವ ಹಾಲಿನ ಡಿಗ್ರಿ ಇಳಿಯಿತು. ಮೇವು ಅದೇ, ನೀರು ಅದೇ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಯಾರ ಕಣ್ಣು ಎಂದು ನಾನು ಬರೆಯುವುದಿಲ್ಲ. ಬದುವಿನ ಮೇಲೆ ನಿಂತು ಈ ಕಡೆ ನೋಡುವವರಿಗೆ ಗೊತ್ತಿರುತ್ತದೆ.

ಆಗಬೇಕಾದ್ದನ್ನು ಮಾಡಿದ್ದೇನೆ. ಪ್ರತಿ ಅಮಾವಾಸ್ಯೆ ಹೊಸದಾಗಿ ಮಾಡುತ್ತಿದ್ದೇನೆ.

ನಿನ್ನ ಕಡೆ ಒಂದೇ ಸಲಕ್ಕೆ ನೀರು ಬಂತು. ನಮ್ಮ ಕಡೆ ಎರಡು ಕಡೆ ಕೊರೆಸಿದರೂ ಬರೀ ದೂಳು ಎದ್ದಿತು. ಆಗ ನಾನು ನಿನ್ನ ಪೈಪನ್ನು ನೋಡಿದ ಹಾಗೆ ಈಗ ನೀನು ನನ್ನ ಪೆಟ್ಟಿಗೆಯನ್ನು ನೋಡುತ್ತಿದ್ದೀಯ. ಆ ನೋಟ ನನಗೆ ಗೊತ್ತಿರುವುದರಿಂದಲೇ ಹೆದರಿಕೆ.

ಗಂಗರತ್ನ


21 ಅಕ್ಟೋಬರ್ 2024

ಗಂಗರತ್ನಳಿಗೆ,

ಶನಿವಾರ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಊರಿನಲ್ಲಿ ಈಗಾಗಲೇ ಅದು ನಾಲ್ಕು ರೀತಿಯಾಗಿದೆ.

ನವ್ಯ ಮತ್ತು ಪೆರುಮಾಳ್ ಬೆಳಿಗ್ಗೆ ಬಂದು ಪೆಟ್ಟಿಗೆ ಬಿಚ್ಚಲು ಕುಳಿತರು. ಆಯುಧಪೂಜೆಗೆ ನೀನು ಬಳಿದ ಅರಿಸಿನ ಕುಂಕುಮ ಮೈಯೆಲ್ಲ ಹಾಗೇ ಇತ್ತು. ಉತ್ತರದ ಮಗ್ಗುಲಲ್ಲಿ ಒಂದು ದೃಷ್ಟಿಬೊಂಬೆ, ಅದರ ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿಯ ಸರ ನೇತಾಡುತ್ತಿದ್ದವು. ಪೆರುಮಾಳ್ ಅದನ್ನು ಎತ್ತಿದ. ಹಿಂದೆ ಒಂದು ಆಣಿ. ಆಣಿಯ ಸುತ್ತ ಹಳೆಯ ಆಣಿಗಳು ಹೊಕ್ಕು ಬಂದ ತೂತುಗಳು. ಮುಚ್ಚಳ ತೆಗೆದು, ತಲೆಯ ಮೇಲೆ ಕಂಬಳಿ ಹೊದ್ದುಕೊಂಡು ಅವನು ಒಳಗೆ ಇಣುಕಿದ. ಒಳಗಿನ ಹಲಗೆಗೆ ಸುತ್ತಿದ್ದ ಕಪ್ಪು ಹಾಳೆಯಲ್ಲೂ ತೂತುಗಳಿದ್ದವು. ಹಗಲಿನ ಬೆಳಕು ಅಲ್ಲಿಂದ ಒಳಕ್ಕೆ ಹೋಗುತ್ತಿತ್ತು. ಮಿಣುಕು ಕಂಡರೆ ಎಣಿಸುವ ನಳಿಗೆ ಬಿಸಿಲನ್ನೂ ಎಣಿಸುತ್ತಿತ್ತು. ಡೇರಿ ಬೋರ್ಡಿನ ಮೇಲೆ ಎಲ್ಲರಿಗಿಂತ ಮುಂದಿದ್ದದ್ದು ಅದು. ಆ ದಿನಗಳ ಲೆಕ್ಕವನ್ನೆಲ್ಲ ಬಿಟ್ಟುಬಿಡಬೇಕು ಎಂದು ನವ್ಯ ಹೇಳಿದಳು. ಅವಳು ಸಿಟ್ಟಾಗಲಿಲ್ಲ. ಯಂತ್ರದಲ್ಲೇ ದೋಷವಿದೆಯೆಂದು ಎರಡು ಸಲ ಬಿಡಿಭಾಗ ಬದಲಿಸಿದ್ದೆ, ಹೊರಗಿನಿಂದ ಆಣಿ ಹೊಡೆದಿರಬಹುದು ಎಂದು ಹೊಳೆಯಲೇ ಇಲ್ಲ ಎಂದು ತನ್ನ ಹಣೆ ಒತ್ತಿಕೊಂಡಳು. ಯಾಕಮ್ಮ ಹೊಡೆಸಿದಿರಿ ಎಂದು ಮೆತ್ತಗೆ ಕೇಳಿದಳು.

ಹಾಲು ಹಾಕಿ ಬಂದವರು ಏಳೆಂಟು ಜನ ನಿಂತಿದ್ದರು. ನಾನು ಬದುವಿನ ಮೇಲೆ ನಿಂತಿದ್ದೆ. ನಾನು ನಿಂತಿರುವುದನ್ನು ನೋಡಿಕೊಂಡೇ ನೀನು ಹೇಳಿದೆ:

"ನಮ್ಮಕ್ಕನ ಕಣ್ಣು ಸರಿಯಿಲ್ಲ ಕಣಮ್ಮಣ್ಣಿ. ಅವ್ಳ ಕಣ್ಣ್ ಮುಂದೆ ನಮ್ದೇನೂ ಉಳಿಯಾಕಿಲ್ಲ."

ಪೆರುಮಾಳ್ ಪಾಪ, ಏನಾದರೂ ಹೇಳಬೇಕೆಂದು, "ಕಣ್ಣು ಪರ್ವಾಗಿಲ್ಲಮ್ಮಾ, ಆಣಿ ತಾನ್ ತೊಂದರೆ" ಎಂದ. ಆಗ ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ಮನೆಗೆ ಬಂದೆ.

ನೀನು ಹೇಳಿದ್ದರಲ್ಲಿ ಒಂದು ಪಾಲು ನಿಜ. ನನಗೆ ಹೊಟ್ಟೆಕಿಚ್ಚು. ಅದನ್ನು ಅಲ್ಲಗಳೆದು ಏನು ಮಾಡಲಿ. ಅಕ್ಕ ಎನ್ನಿಸಿಕೊಂಡವಳು ತಂಗಿಯ ಹೊಲದ ಕಡೆ ದಿನಕ್ಕೆ ಎಷ್ಟು ಸಲ ತಿರುಗಿ ನೋಡುತ್ತೇನೆ ಎಂದು ನನಗೇ ನಾಚಿಕೆಯಾಗುತ್ತದೆ. ಆದರೆ ನನ್ನ ಕಣ್ಣು ನಿನ್ನ ಪೆಟ್ಟಿಗೆಯ ಮೇಲೆ ಇರಲಿಲ್ಲ. ಎಲ್ಲಿತ್ತು ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ.

ನಮ್ಮಪ್ಪ ಇದ್ದಿದ್ದರೆ ಜನರ ಮುಂದೆ ಹಾಗೆ ಅನ್ನುತ್ತಿದ್ದೆಯಾ?

ಆದಿಲಕ್ಷ್ಮಮ್ಮ


24 ಅಕ್ಟೋಬರ್ 2024

ಅಕ್ಕ,

ಅಂದದ್ದು ಅಂದೆ. ಅಷ್ಟು ಜನ ಇದ್ದಾರೆಂದು ನೋಡಿಕೊಳ್ಳಲಿಲ್ಲ ಎಂದು ಬರೆಯಬಹುದು, ಆದರೆ ನೋಡಿಕೊಂಡಿದ್ದೆ.

ಈಗ ಡೇರಿಗೆ ಹೋದರೆ ಸಾಕು, ಬಿಸಿಲು ಎಣಿಸೋ ಗಂಗಮ್ಮ ಬಂದ್ಲು ಎನ್ನುತ್ತಾರೆ. ನಿನ್ನೆ ನವ್ಯ ಹೊಸ ಕಪ್ಪು ಹಾಳೆ ತಂದಿದ್ದಳು. ರಿಪೇರಿ ಮಾಡುತ್ತೇವೆ, ಇಲ್ಲೇ ಇರಲಿ ಎಂದಳು. ನನಗೆ ಬೇಡ ಎಂದೆ. ನಿಮಗೆ ಅಷ್ಟು ಬೇಕಿದ್ದರೆ ಬದುವಿನ ಆ ಕಡೆ ಇಟ್ಟುಕೊಳ್ಳಿ, ಮೊದಲು ಕರೆದವಳು ಅವಳೇ, ಅಲ್ಲಿ ಆಣಿ ಹೊಡೆಯುವವರು ಯಾರೂ ಇಲ್ಲ ಎಂದೆ. ನಿನ್ನ ಸ್ಟಾರ್ಟರ್ ವಿಷಯ ಏನೋ ಹೇಳಿದಳು. ಅದು ನಿನ್ನ ತಲೆನೋವು.

ತಗೊ. ಇನ್ನಾದರೂ ನಿನ್ನ ಹೊಟ್ಟೆ ತಣ್ಣಗಾಗಲಿ.

ಗಂಗರತ್ನ


9 ಡಿಸೆಂಬರ್ 2024

ಗಂಗರತ್ನಳಿಗೆ,

ಪೆಟ್ಟಿಗೆ ನನ್ನ ಹೊಲಕ್ಕೆ ಬಂದದ್ದನ್ನು ನೀನು ನೋಡಿದ್ದೀಯ. ಬೇಡ ಎನ್ನುತ್ತೇನೆಂದು ಊರಿನವರು ಅಂದುಕೊಂಡಿದ್ದರು. ತಂಗಿಯ ಮನೆಯಿಂದ ಎದ್ದದ್ದನ್ನು ಅಕ್ಕ ಇಟ್ಟುಕೊಳ್ಳುತ್ತಾಳೆಯೇ ಎಂದು ಜಯರಾಮಪ್ಪ ಕೂಡ ಕೇಳಿದ. ಇಟ್ಟುಕೊಂಡೆ. ಸ್ಟಾರ್ಟರನ್ನು ರಸ್ತೆಯ ಕಡೆಯ ಮೂಲೆಗೆ ಹಾಕಿಸಿದೆ. ಈಗ ನೀರು ಬಿಡಬೇಕಾದರೆ ಹೊಲದ ಉದ್ದಕ್ಕೂ ನಡೆಯಬೇಕು. ನಡೆಯುತ್ತೇನೆ.

ಬಂದ ಮೊದಲ ವಾರ ಬೆಳಿಗ್ಗೆ ಕೆಲಸ ಮುಗಿಸಿ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಿದ್ದೆ. ಅದು ಸದ್ದು ಮಾಡುವುದಿಲ್ಲ. ದೀಪ ಇಲ್ಲ. ಮುಟ್ಟಿದರೆ ಬೂದು ಬಣ್ಣದ ಒಂದು ಟ್ರಂಕಿನ ಹಾಗೆ. ನನ್ನ ಮೂಲಕವೂ ಕಣಗಳು ಹಾಯ್ದು ಹೋಗುತ್ತಿರುತ್ತವೆ ಎಂದು ನವ್ಯ ಹೇಳಿದ್ದಳು. ನನಗೆ ಏನೂ ತಿಳಿಯಲಿಲ್ಲ. ಇಷ್ಟು ದಿನ ಇದಕ್ಕಾಗಿಯೇ ಒದ್ದಾಡಿದೆನೇ ಎಂದು ನನಗೆ ನಾನೇ ಕೇಳಿಕೊಂಡೆ. ಡೇರಿ ಬೋರ್ಡಿನಲ್ಲಿ ಅದರ ಲೆಕ್ಕ ಈಗ ಎಲ್ಲ ಊರುಗಳ ಹಾಗೇ ಇದೆ. ಯಾರೂ ನಿಂತು ಓದುವುದಿಲ್ಲ, ನನ್ನನ್ನೂ ಸೇರಿಸಿ.

ಶುಕ್ರವಾರ ಶಾಲೆಯ ಬಸ್ಸು ಬಂತು. ಈ ಸಲ ನನ್ನ ಹೊಲಕ್ಕೆ. ನವ್ಯ ಹೇಳುವುದನ್ನೆಲ್ಲ ಹೇಳಿ, ಇವರೇ ಮುನಿಸ್ವಾಮಪ್ಪನವರ ಹೆಂಡತಿ, ಗಣಿಯ ವಿಷಯ ಇವರನ್ನು ಕೇಳಿ ಎಂದಳು. ಒಂದು ಹುಡುಗಿ, "ತಾತ ಕೆಳಗಡೆ ಏನೇನ್ ನೋಡಿದ್ರಜ್ಜಿ?" ಎಂದು ಕೇಳಿದಳು. ನಾನು ಎದ್ದುಬಿಟ್ಟಿದ್ದೆ, ಮಜ್ಜಿಗೆ ತರುತ್ತೇನೆ ಎನ್ನಲು ಬಾಯಿ ತೆರೆದಿದ್ದೆ. ಆಗ ನಿನ್ನ ಮೊದಲ ಕಾಗದದಲ್ಲಿದ್ದ ಕಾಫಿಯ ಮಾತು ನೆನಪಾಯಿತು. ಕಾಲು ನಿಂತಿತು. ಪಕ್ಕದ ಹೊಲದವರನ್ನು ಕೇಳಿ, ಅವರಿಗೆ ಗೊತ್ತು ಎಂದೆ.

ಮಕ್ಕಳು ಬದುವಿನ ಹತ್ತಿರ ಓಡಿದರು. ನೀನು ಹುಲ್ಲು ಕುಯ್ಯುತ್ತಿದ್ದೆ. ತಲೆ ಎತ್ತದೆ, ನಂಗೇನೂ ಗೊತ್ತಿಲ್ಲ, ಓಗಿ ಎಂದೆ. ಮಕ್ಕಳಿಗೆ ಹಾಗೆ ಗದರಿಸುವವಳಲ್ಲ ನೀನು. ಅವರು ಮಂಕಾಗಿ ವಾಪಸು ಬಂದರು. ಬಸ್ಸು ಹೋಯಿತು. ನಮ್ಮ ಮನೆಯವರನ್ನು ಬಲ್ಲವರು ಈ ಊರಿನಲ್ಲಿ ಯಾರೂ ಇಲ್ಲ ಎನ್ನುವ ಹಾಗಾಯಿತು.

ಆ ದಿನ ಬರೆಯುವುದಿಲ್ಲ ಎಂದದ್ದನ್ನು ಈಗ ಬರೆಯುತ್ತೇನೆ. ನನ್ನ ಕಣ್ಣು ಇದ್ದದ್ದು ಆ ಹೊಂಗೆ ಮರದ ಕೆಳಗೆ. ಪೆಟ್ಟಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ.

ಅವರ ಅಂಗಿಯ ಅಳತೆ ನನಗೆ ಗೊತ್ತು. ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಗೊತ್ತಿತ್ತು. ಕೊನೆಯ ವರ್ಷ ಯಾವ ಮಗ್ಗುಲಿಗೆ ಮಲಗಿಸಿದರೆ ಉಸಿರು ಆಡುತ್ತದೆ ಎಂದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಭಯದ ವಿಷಯ ಗೊತ್ತಿರಲಿಲ್ಲ. ನಿನಗೆ ಹೇಳಿದರು. ನನಗೆ ಯಾಕೆ ಹೇಳಲಿಲ್ಲ?

ಅವರು ಹೇಳಿದ್ದನ್ನೆಲ್ಲ ಕೇಳುತ್ತಿಲ್ಲ. ಯಾವುದಾದರೂ ಒಂದನ್ನು ಬರೆದು ಕಳಿಸು.

ಅಕ್ಕ


6 ಜನವರಿ 2025

ಅಕ್ಕ,

ಒಂದು ತಿಂಗಳು ಉತ್ತರ ಕೊಡಲಿಲ್ಲ. ಪೆಟ್ಟಿಗೆ ತಗೊಂಡಳು, ಈಗ ಇದೂ ಬೇಕಂತೆ ಎಂದು ಸಿಟ್ಟು ಬಂದಿತ್ತು. ನಿನ್ನ ಕಾಗದವನ್ನು ಒಲೆಗೆ ಹಾಕಲು ಎರಡು ಸಲ ಹೋದೆ. ನಮ್ಮವರು ಕಿತ್ತುಕೊಂಡು, "ಇಷ್ಟ್ ದೂರ ಒತ್ಕೊಂಡ್ ಬಂದಿದೀನಿ, ಸುಡ್ಬೇಡ" ಎಂದರು.

ನಿನಗೆ ಒಂದು ವಿಷಯ ತಿಳಿಯದು. ನೀನು ದೊಡ್ಡವಳು, ನಿನಗೆ ತಿಳಿಯುವುದು ಕಷ್ಟ. ನಾನು ಉಟ್ಟ ಲಂಗಗಳೆಲ್ಲ ನೀನು ಉಟ್ಟು ಬಿಟ್ಟವು. ಪುಸ್ತಕಗಳ ಮೇಲೆ ನಿನ್ನ ಹೆಸರು ಹೊಡೆದು ನನ್ನ ಹೆಸರು ಬರೆದಿತ್ತು. ನಿನ್ನನ್ನು ಈ ಮನೆಗೆ ಕೊಟ್ಟರು, ಇನ್ನೊಬ್ಬ ಮಗ ಇದ್ದಾನಲ್ಲ ಎಂದು ನನ್ನನ್ನೂ ಕೊಟ್ಟರು. ಕೆಲಸ ನಿನಗೆ, ನೀರು ನಿನಗೆ. ಭಾವನ ಮಾತೊಂದೇ ನಿನ್ನ ಕೈ ದಾಟಿ ಬರದೆ ನೇರವಾಗಿ ನನಗೆ ಬಂದದ್ದು. ನಾನು ಹುಲ್ಲು ಕುಯ್ಯುವುದನ್ನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಪತ್ರಿಕೆಯವನಿಗೆ ಹೇಳಿದ ದಿನ, ಅದರ ಮೇಲೆ ನನ್ನ ಹೆಸರು ಬಂತು ಎಂದು ಖುಷಿಪಟ್ಟೆ. ಸುಳ್ಳು ಬರೆಯುವುದಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ನಾನೂ ಒಂದು ಸಲ ಅವರನ್ನು ಕೇಳಿದ್ದೆ, ಅಕ್ಕನಿಗೆ ಹೇಳಿದ್ದೀರಾ ಎಂದು. ತುಂಬಾ ಹೊತ್ತು ಕೆಮ್ಮಿದರು. "ಅವ್ಳು ನನ್ನ ಧೈರ್ಯವಂತ ಅಂತ ಅಂದ್ಕೊಂಡವ್ಳೆ. ಅಂಗೇ ಇರ್ಲಿ ಬಿಡು" ಎಂದರು. ನನ್ನ ಮುಂದೆ ಧೈರ್ಯವಂತರಾಗಿ ಇರಬೇಕು ಎಂದು ಅವರಿಗೆ ಅನ್ನಿಸಲಿಲ್ಲ. ಇದರಲ್ಲಿ ಹೊಟ್ಟೆಕಿಚ್ಚು ಪಡಬೇಕಾದವರು ಯಾರು ಎಂದು ಈ ತಿಂಗಳೆಲ್ಲ ಯೋಚಿಸಿದೆ. ಗೊತ್ತಾಗಲಿಲ್ಲ.

ಬರೆದು ಕಳಿಸು ಎಂದಿದ್ದೀಯ. ಅವು ಬರೆಯಲು ಬರುವುದಿಲ್ಲ. ಅರ್ಧ ತಮಿಳು, ನಡುನಡುವೆ ಉಬ್ಬಸ, ಕೈಯಲ್ಲಿ ತೋರಿಸುವುದು. ಕಾಗದದಲ್ಲಿ ಇಟ್ಟರೆ ಸತ್ತುಹೋಗುತ್ತವೆ.

ಅದಕ್ಕೆ ಹೀಗೆ ಮಾಡೋಣ. ನಾಳೆ ಹಾಲು ಹಾಕಿ ಬಂದ ಮೇಲೆ ನಾನು ಎಮ್ಮೆಯನ್ನು ಬದುವಿನ ಪಕ್ಕ ಕಟ್ಟಿ ಮೈ ಉಜ್ಜುತ್ತೇನೆ. ಉಜ್ಜುತ್ತಾ ಅದರ ಜೊತೆ ಮಾತಾಡುತ್ತೇನೆ. ಎಮ್ಮೆಗೆ ಹೇಳಿದರೆ ನೀನು ಮಾತು ಬಿಟ್ಟದ್ದು ಮುರಿಯುವುದಿಲ್ಲ, ನಮ್ಮಪ್ಪನ ಮಗಳಾಗಿಯೇ ಇರುತ್ತೀಯ. ನೀನು ನಿನ್ನ ಕಡೆ ಕಳೆ ಕೀಳುತ್ತಿರು. ಗಾಳಿ ನಿನ್ನ ಕಡೆ ಬೀಸುತ್ತಿದೆಯೇ ಎಂದು ನೋಡಿಕೊಂಡೇ ಶುರು ಮಾಡುತ್ತೇನೆ. ಬೇಕಿದ್ದರೆ ನಡುವೆ ಕೆಮ್ಮು, ಇನ್ನೊಂದು ಸಲ ಹೇಳುತ್ತೇನೆ. ಆ ಶಾಲೆಯ ಮಕ್ಕಳು ಮತ್ತೆ ಬಂದರೆ ನೀನೇ ಹೇಳು. ಮುನಿಸ್ವಾಮಪ್ಪನ ಹೆಂಡತಿ ಹೇಳಿದಳು ಎಂದು ಪತ್ರಿಕೆಯಲ್ಲಿ ಬರೆದರೂ ನಾನು ಡೇರಿ ಮುಂದೆ ಜಗಳಕ್ಕೆ ಬರುವುದಿಲ್ಲ. ಬರುವುದಿಲ್ಲ ಎಂದುಕೊಂಡಿದ್ದೇನೆ.

ಎಲ್ಲವನ್ನೂ ಹೇಳುತ್ತೇನೆ ಎಂದು ಮಾತ್ರ ಅಂದುಕೊಳ್ಳಬೇಡ. ಒಂದನ್ನು ನಾನು ಇಟ್ಟುಕೊಂಡಿದ್ದೇನೆ. ಅದನ್ನು ಪತ್ರಿಕೆಯವನಿಗೂ ಹೇಳಲಿಲ್ಲ, ನಮ್ಮವರಿಗೂ ಹೇಳಿಲ್ಲ, ಎಮ್ಮೆಗೂ ಹೇಳುವುದಿಲ್ಲ. ಅದರಲ್ಲಿ ನಿನ್ನ ಹೆಸರು ಬರುತ್ತದೆಯೇ ಎಂದು ನೀನು ಕೇಳುತ್ತೀಯ. ಕೇಳಬೇಡ.

ನಿನ್ನ ತಂಗಿ,
ಗಂಗರತ್ನ